ಮೂರು ಗೆಡ್ಡೆಯ ಕುಂಡ

ಯೂನಾ ಬ್ರಾಮಿಚ್‌ಗೆ ಹೂವಿನ ಮೇಲೆ ಇದ್ದಷ್ಟು ಕರುಣೆ ಹೂ ಬೆಳೆಯುವವರ ಮೇಲೆ ಇರಲಿಲ್ಲ. ಇದು ನಾನು ಹೇಳುತ್ತಿರುವ ಚಾಡಿಯಲ್ಲ. ಬ್ರಾಡನ್ಸ್ ರಸ್ತೆಯಲ್ಲಿ ಯಾರನ್ನು ಕೇಳಿದರೂ ಇದೇ ಮಾತು ಬರುತ್ತದೆ, ಕೇಳಿದರೆ ಅವಳೂ ಒಪ್ಪುತ್ತಾಳೆ. ಟಾಸ್ಮೇನಿಯಾ ದ್ವೀಪದ ಉತ್ತರದ ಕಡಲ ತೀರದಿಂದ ಕೆಂಪು ಮಣ್ಣಿನ ಆಲೂಗಡ್ಡೆ ಹೊಲಗಳ ನಡುವೆ ಗುಡ್ಡ ಹತ್ತುವ ಆ ರಸ್ತೆಯಲ್ಲಿ ಅವಳದು ಕೊನೆಯಿಂದ ಎರಡನೆಯ ಮನೆ. ಮದುವೆಯಾಗಲಿಲ್ಲ, ಆಗಬೇಕೆಂದು ಹಂಬಲಿಸಿದ್ದೂ ಯಾರಿಗೂ ಗೊತ್ತಿಲ್ಲ. ಮೂವತ್ತನಾಲ್ಕು ವರ್ಷ ಪಟ್ಟಣದ ಬಟಾಣಿ ಕಾರ್ಖಾನೆಯಲ್ಲಿ ಓಡುವ ಪಟ್ಟಿಯ ಮುಂದೆ ನಿಂತು ಕೆಟ್ಟ ಕಾಳು ಆರಿಸಿ ಎಸೆದವಳು ಅವಳು. ಕೆಟ್ಟದ್ದು ಕಂಡರೆ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ನಿವೃತ್ತಿಯಾದ ಮೇಲೂ ಆ ಕೈ ಸುಮ್ಮನಾಗಲಿಲ್ಲ.

ಅವಳು ಬೆಳೆಯುತ್ತಿದ್ದದ್ದು ಪುಟ್ಟ ಡ್ಯಾಫೊಡಿಲ್‌ಗಳನ್ನು. ಮೊಣಕಾಲೆತ್ತರಕ್ಕೆ ಬೆಳೆಯುವ ದೊಡ್ಡ ಹಳದಿ ಜಾತಿಯನ್ನು ಕಂಡರೆ ಮೂಗು ಮುರಿಯುತ್ತಿದ್ದಳು. ಗಾಳಿ ಬೀಸಿದರೆ ಕುಡಿದವರ ಹಾಗೆ ಉರುಳುವ ಹೂ ಯಾರಿಗೆ ಬೇಕು ಎನ್ನುತ್ತಿದ್ದಳು. ಅವಳವು ಗೇಣುದ್ದವೂ ಇಲ್ಲದ ಗಿಡಗಳು. ಎಲೆ ಹುಲ್ಲಿನ ಎಸಳಿನಷ್ಟು, ಹೂ ಹೆಬ್ಬೆರಳ ಉಗುರಿನಷ್ಟು. ಅಲ್ಲಿ ನಡುಚಳಿಗಾಲವಾದ ಜೂನ್ ಕೊನೆಯ ಹಿಮಕ್ಕೆ ಬಕೆಟ್ ನೀರು ಗಟ್ಟಿಯಾದ ಬೆಳಿಗ್ಗೆಯೂ ಅವು ತಲೆ ಎತ್ತಿ ನಿಂತಿರುತ್ತಿದ್ದವು. ಜೊತೆಗೆ ಹಿಮದ ಹನಿ ಎಂಬ ಬಿಳಿ ಹೂ, ಕ್ರೋಕಸ್, ಕುಳ್ಳ ಐರಿಸ್, ದ್ರಾಕ್ಷಿ ಗೊಂಚಲಿನಂಥ ನೀಲಿ ಹೂ, ಎಲ್ಲವೂ ಮಣ್ಣಿನ ಕುಂಡಗಳಲ್ಲಿ, ಮನೆಯ ಉತ್ತರ ಗೋಡೆಗೆ ಒತ್ತಿ ಇಟ್ಟ ಮರದ ಹಲಗೆಗಳ ಮೇಲೆ ಇದ್ದವು.

ಗೆಡ್ಡೆ ಆರಿಸುವುದನ್ನು ಅವಳಿಂದಲೇ ಕಲಿಯಬೇಕು. ಮಾರಾಟದ ಮೇಜಿನ ಮುಂದೆ ಜನ ಚೀಟಿಯ ಮೇಲಿನ ಬಣ್ಣದ ಚಿತ್ರ ನೋಡಿ ಮರುಳಾಗುತ್ತಿದ್ದರೆ ಯೂನಾ ಚಿತ್ರವನ್ನು ತಿರುಗಿಸಿಟ್ಟು ಗೆಡ್ಡೆಯನ್ನು ಕೈಗೆ ತೆಗೆದುಕೊಳ್ಳುತ್ತಿದ್ದಳು. ಬುಡವನ್ನು ಹೆಬ್ಬೆರಳಲ್ಲಿ ಒತ್ತಿದಾಗ ಒಂದಿಷ್ಟು ಜಗ್ಗಿದರೂ ಅದು ಒಳಗೆ ಕೊಳೆತಿದೆ ಎಂದು ಅರ್ಥ. ಗಾತ್ರ ದೊಡ್ಡದಾಗಿ ಕೈಗೆ ಹಗುರವಾಗಿದ್ದರೆ ಹುಳು ತಿಂದು ಹೋಗಿದೆ. ಚಿಕ್ಕದಾಗಿ ಕಲ್ಲಿನಂತೆ ಭಾರವಾಗಿದ್ದರೆ ಮನೆಗೆ ತರಬೇಕು. ಜಲ್ಲಿ ಬೆರೆಸಿದ ಮಣ್ಣಿಗೆ ಗೆಡ್ಡೆಯ ಎತ್ತರದ ಮೂರು ಪಟ್ಟು ಆಳಕ್ಕೆ ಇಳಿಸಬೇಕು. ಎಲೆ ಒಣಗಿದ ಮೇಲೆ ಬೇಸಿಗೆಯಿಡೀ ನೀರು ಹಾಕದೆ ಮರೆತುಬಿಡಬೇಕು. ಈ ಮರೆಯುವ ಕೆಲಸವೇ ಜನರಿಗೆ ಬರುವುದಿಲ್ಲ ಎಂದು ಅವಳು ಬಯ್ಯುತ್ತಿದ್ದಳು.

ಅಷ್ಟೂ ಕುಂಡಗಳಲ್ಲಿ ಅವಳ ಜೀವ ಇದ್ದದ್ದು ಒಂದರಲ್ಲಿ. ಅದಕ್ಕೆ ಹೆಸರಿರಲಿಲ್ಲ. ಚೀಟಿಯ ಮೇಲೆ ಇದ್ದದ್ದು 3-91 ಎಂಬ ಸಂಖ್ಯೆ, ಎಂದರೆ ತೊಂಬತ್ತೊಂದನೆಯ ಇಸವಿಯಲ್ಲಿ ಬಿತ್ತಿದ ಮೂರನೆಯ ಕುಂಡ. ಸಣ್ಣ ಬಣ್ಣದ ಕುಂಚದಿಂದ ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಅವಳೇ ಸವರಿ, ಬೀಜವಾಗಿಸಿ, ಐದು ಚಳಿಗಾಲ ಕಾದಾಗ ಅರಳಿದ ಹೂ ಅದು. ಹಾಲಿನ ಕೆನೆಯ ಬಣ್ಣ, ಹಿಂದಕ್ಕೆ ಮಡಿದ ಎಸಳು, ನಡುವೆ ಬೆರಳ ತುದಿಗೆ ತೊಡಿಸಬಹುದಾದ ಪುಟ್ಟ ಬಟ್ಟಲು. ಅಂಥದ್ದು ಬೇರೆ ಎಲ್ಲಿಯೂ ಇರಲಿಲ್ಲ. ಆದರೆ ಮಹಾ ಜುಗ್ಗ ಗಿಡ. ಮರಿ ಹಾಕಲು ವರ್ಷಗಟ್ಟಲೆ ತೆಗೆದುಕೊಂಡಿತು. ಒಂದು ತನಗೆ, ಒಂದು ಬೇರೆಯವರಿಗೆ ಕೊಡಲು, ಒಂದು ಸಾಯುವುದಕ್ಕೆ, ಹೀಗೆ ಮೂರು ಗೆಡ್ಡೆಯಾದ ಮೇಲೆಯೇ ಹೆಸರಿಡುವುದು ಎಂಬುದು ಯೂನಾ ತನಗೆ ತಾನೇ ಹಾಕಿಕೊಂಡ ಕಟ್ಟಳೆ. ಅವಳ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಈ ವರ್ಷದ ಚಳಿಗೆ, ಮೂರನೆಯ ಗೆಡ್ಡೆ ಮೊದಲ ಸಲ ಮೊಗ್ಗು ತಂದಿತು.

ಇಡಬೇಕಾದ ಹೆಸರು ಯಾವತ್ತೋ ನಿಶ್ಚಯವಾಗಿತ್ತು: ಡಲ್ಸಿ. ಯೂನಾಗೆ ಏಳು ವರ್ಷವಿದ್ದಾಗ ಹತ್ತು ವರ್ಷದ ಅಕ್ಕ ಡಲ್ಸಿ ಪೋಲಿಯೊ ಬಂದು ನಾಲ್ಕೇ ದಿನಕ್ಕೆ ತೀರಿಕೊಂಡಳು. ಅಂಟುರೋಗವೆಂದು ಅವಳ ಬಟ್ಟೆ, ಹಾಸಿಗೆ, ಚಿತ್ರದ ಪುಸ್ತಕ ಎಲ್ಲವನ್ನೂ ಅಪ್ಪ ಹಿತ್ತಲಲ್ಲಿ ಸುಟ್ಟ. ಅವ್ವ ಆಮೇಲೆ ಆ ಹೆಸರನ್ನು ಬಾಯಿಗೆ ತರಲಿಲ್ಲ, ಮನೆಯಲ್ಲಿ ಯಾರಿಗೂ ತರಲು ಬಿಡಲಿಲ್ಲ. ಒಂದು ಫೋಟೊ ಕೂಡ ಉಳಿಯಲಿಲ್ಲ. ಡ್ಯಾಫೊಡಿಲ್‌ಗಳಿಗೆ ಒಂದು ದೊಡ್ಡ ದಾಖಲೆ ಪುಸ್ತಕವಿದೆ. ಅದರಲ್ಲಿ ಒಮ್ಮೆ ಸೇರಿದ ಹೆಸರನ್ನು ಯಾರೂ ಅಳಿಸುವುದಿಲ್ಲ. ಯೂನಾಗೆ ಬೇಕಾಗಿದ್ದದ್ದು ಅಷ್ಟೇ. ಸೆಪ್ಟೆಂಬರ್ ಎರಡನೆಯ ಶನಿವಾರ ಊರಿನ ಹೂ ಬೆಳೆಗಾರರ ಸಂಘದ ಪ್ರದರ್ಶನದಲ್ಲಿ ಹೂವನ್ನು ಮೇಜಿನ ಮೇಲಿಟ್ಟು ಹೆಸರು ಹೇಳಿದರೆ ಉಳಿದ ಕಾಗದಪತ್ರವನ್ನು ಕಾರ್ಯದರ್ಶಿ ಗ್ಲೆನಿಸ್ ಲೋನ್ ನೋಡಿಕೊಳ್ಳುತ್ತಿದ್ದಳು.

ಇನ್ನು ಪಟ್ಟೆ ರೋಗದ ಸಂಗತಿ ಹೇಳಬೇಕು. ಡ್ಯಾಫೊಡಿಲ್ ಎಲೆಯ ಮೇಲೆ ಉದ್ದಕ್ಕೆ ಮಾಸಲು ಹಳದಿ ಗೆರೆ ಮೂಡಿತೆಂದರೆ ಅದು ಒಳಗಿನ ನಂಜು. ಮದ್ದಿಲ್ಲ. ಬಿಸಿಲು ಏರಿದಂತೆ ಗೆರೆ ಮಾಯವಾಗಿ ಗಿಡ ವಾಸಿಯಾದಂತೆ ಕಾಣುತ್ತದೆ, ನಂಜು ಮಾತ್ರ ಗೆಡ್ಡೆಯೊಳಗೇ ಕೂತಿರುತ್ತದೆ. ಗಿಡಹೇನು ಅದನ್ನು ಹೀರಿ ಪಕ್ಕದ ಗಿಡಕ್ಕೆ, ಪಕ್ಕದ ತೋಟಕ್ಕೆ ಒಯ್ಯುತ್ತದೆ. ಆದ್ದರಿಂದ ಗೆರೆ ಕಂಡ ದಿನವೇ ಗೆಡ್ಡೆ ಸಮೇತ ಕಿತ್ತು ಸುಡಬೇಕು. ಸುಡುವಾಗ ಗಿಡದ ಒಡೆಯ ಎದುರಿಗೆ ನಿಂತು ನೋಡಬೇಕು, ಇಲ್ಲವಾದರೆ ಒಂದೆರಡನ್ನು ಬಚ್ಚಿಡುತ್ತಾರೆ. ಈ ಕೊನೆಯ ನಿಯಮವನ್ನು ಸಂಘಕ್ಕೆ ತಂದವಳು ಯೂನಾ. ಕುತ್ತಿಗೆಗೆ ದಾರ ಕಟ್ಟಿದ ಭೂತಗನ್ನಡಿ ನೇತುಹಾಕಿಕೊಂಡು ಮನೆಮನೆಯ ಎಲೆ ನೋಡುತ್ತಿದ್ದವಳೂ ಅವಳೇ. ಅವಳು ಗೇಟು ತೆರೆದರೆ ಜನ ತಮ್ಮ ಕುಂಡಗಳ ಮುಂದೆ ಅಡ್ಡ ನಿಲ್ಲುತ್ತಿದ್ದರು.

ಇಪ್ಪತ್ತೆರಡು ವರ್ಷದ ಹಿಂದೆ ಒಂದು ಸೆಪ್ಟೆಂಬರ್ ಬೆಳಿಗ್ಗೆ ಅವಳು ರಸ್ತೆಯ ತುದಿಯ ಮನೆಗೆ ಹೋದಳು. ಅದು ಅಥೋಲ್ ವೈನಿಯದು. ಆತ ಆಲೂಗಡ್ಡೆ ರೈತ, ಒಳ್ಳೆಯ ಕೈಗುಣದವನು. ಸೇಬಿನ ಮರಗಳ ಕೆಳಗೆ ಅವನ ಎರಡು ಸಾಲು ಡ್ಯಾಫೊಡಿಲ್‌ಗಳಿದ್ದವು, ಅದರಲ್ಲಿ ಅವನೇ ಬೀಜದಿಂದ ಬೆಳೆಸಿದ ಒಂದು ಹೊಸ ಹೂವೂ ಇತ್ತು. ಅದಕ್ಕೆ ಹೆಂಡತಿ ಮೆರಿನ್‌ಳ ಹೆಸರಿಡುವ ಆಸೆ ಅವನಿಗೆ. ಸಾಲಿನಲ್ಲಿ ಪಟ್ಟೆ ಸಿಕ್ಕಿತು. ಹೊಸ ಹೂವಿನ ಎಲೆಯಲ್ಲೂ ಸಿಕ್ಕಿತು. ಆ ಹೂವಿನ ಹಿಂದೆ ಬೀಜದ ಕಾಯಿ ಕಟ್ಟಿತ್ತು. ಈ ನಂಜು ಬೀಜಕ್ಕೆ ದಾಟುವುದಿಲ್ಲ, ಎಂಟು ವಾರ ಕೊಟ್ಟರೆ ಬೀಜ ತೆಗೆದುಕೊಂಡು ಉಳಿದದ್ದನ್ನು ತಾನೇ ಸುಡುತ್ತೇನೆಂದು ಅಥೋಲ್ ಕೇಳಿಕೊಂಡ. ಎಂಟು ವಾರಕ್ಕೆ ನವೆಂಬರ್, ಗಿಡಹೇನು ಹಾರುವ ತಿಂಗಳು, ಒಂದು ದಿನವೂ ಆಗದು ಎಂದಳು ಯೂನಾ. ಸೀಮೆಎಣ್ಣೆ ಸುರಿದವಳೂ ಕಡ್ಡಿ ಗೀರಿದವಳೂ ಅವಳೇ. ಅಥೋಲ್ ಟೋಪಿ ಕೈಯಲ್ಲಿ ಹಿಡಿದು ಕೊನೆಯವರೆಗೂ ನಿಂತಿದ್ದ. ಆ ಬೇಸಿಗೆಯಲ್ಲಿ ಮೆರಿನ್ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅವನು ಸಂಘ ಬಿಟ್ಟ, ಹೂವನ್ನೂ ಬಿಟ್ಟ, ಸೇಬಿನ ಮರಗಳ ಕೆಳಗೆ ಹುಲ್ಲು ಬಿಟ್ಟು ಕುರಿ ಮೇಯಿಸಿದ. ಅವತ್ತಿನಿಂದ ಇಬ್ಬರೂ ರಸ್ತೆಯಲ್ಲಿ ಎದುರಾದರೆ ತಲೆ ಆಡಿಸುತ್ತಿದ್ದರು, ಮಾತಿಲ್ಲ.

ಯೂನಾ ಮಾಡಿದ್ದು ಸರಿಯೇ. ಇದನ್ನೂ ಹೇಳಬೇಕು. ಅವಳು ಸುಡದಿದ್ದರೆ ಆ ಗುಡ್ಡದಲ್ಲಿ ಇವತ್ತು ಒಂದೂ ಒಳ್ಳೆಯ ಗೆಡ್ಡೆ ಉಳಿಯುತ್ತಿರಲಿಲ್ಲ.

ಈ ವರ್ಷ ಆಗಸ್ಟ್ ಮೊದಲ ವಾರದಲ್ಲಿ 3-91ರ ಎರಡು ಹೂಗಳು ಅರಳಿದವು. ಎಂಟು ವರ್ಷದಿಂದ ಅದಕ್ಕೆ ಬೇರೆ ಬೇರೆ ಪರಾಗ ಸವರಿ ಸೋತಿದ್ದ ಯೂನಾ ಈ ಸಲವೂ ಕುಂಚ ತೆಗೆದಳು. ತಿಂಗಳ ಕೊನೆಗೆ ಎಸಳು ಬಾಡಿದ ಮೇಲೆ ನೋಡಿದರೆ ಎರಡರ ಹಿಂದೆಯೂ ಹಸಿರು ಕಾಯಿ ಉಬ್ಬಿತ್ತು. ಅವಳು ಹಲಗೆ ಹಿಡಿದುಕೊಂಡು ನಿಂತಳು. ಅಷ್ಟು ಸಂತೋಷ. ಮೂರನೆಯ ಹೂ ಆಗಷ್ಟೇ ಬಿರಿಯುತ್ತಿತ್ತು, ಪ್ರದರ್ಶನಕ್ಕೆ ಹೇಳಿ ಮಾಡಿಸಿದಂತಿತ್ತು.

ಮಾರನೆಯ ಬೆಳಿಗ್ಗೆ ಕುಂಡದ ಅಂಚಿನಲ್ಲಿದ್ದ ಬಸವನಹುಳು ತೆಗೆಯಲು ಬಗ್ಗಿದಾಗ ಎಳೆ ಬಿಸಿಲು ಅಡ್ಡಡ್ಡ ಬೀಳುತ್ತಿತ್ತು. ಒಂದು ಎಲೆಯ ಉದ್ದಕ್ಕೂ ದಾರದಷ್ಟು ಸಣ್ಣ ಹಳದಿ ಗೆರೆ ಕಂಡಿತು. ಹಿಮ ತಾಗಿದ್ದಿರಬೇಕೆಂದುಕೊಂಡಳು. ನಾಲಿಗೆಗೆ ಬೆರಳು ತಾಗಿಸಿ ಉಜ್ಜಿದಳು. ಹೋಗಲಿಲ್ಲ. ಕುತ್ತಿಗೆಯ ಗಾಜನ್ನು ಹಿಡಿದಳು. ಮೊಣಕೈಗಳನ್ನು ಹಲಗೆಯ ಮೇಲೆ ಊರಿ ನೋಡಿದಳು. ಎರಡನೆಯ ಎಲೆಯಲ್ಲೂ ಇತ್ತು. ಮೂರನೆಯದರಲ್ಲೂ ಇತ್ತು.

ಊರಿನವರ ಎಲೆಗಳನ್ನೆಲ್ಲ ಗಾಜಿನಲ್ಲಿ ನೋಡಿದವಳು ತನ್ನ ಕುಂಡದಲ್ಲಿ ಹೂವನ್ನಷ್ಟೇ ನೋಡುತ್ತ ಬಂದಿದ್ದಳು. ಎರಡು ಚಳಿಗಾಲದಿಂದ ಆ ಕುಂಡದ ಎಲೆಗೆ ಗಾಜು ಹಿಡಿದಿರಲಿಲ್ಲ. ಈ ತಪ್ಪು ಬೇರೆ ಯಾರು ಮಾಡಿದ್ದರೂ ಅವಳು ಬಾಯಿಗೆ ಬಂದಂತೆ ಅನ್ನುತ್ತಿದ್ದಳು. ಈಗ ಅನ್ನಲು ಎದುರಿಗೆ ಯಾರೂ ಇರಲಿಲ್ಲ.

ಆ ಮೂರು ದಿನ ಅವಳು ಏನೇನು ಯೋಚಿಸಿದಳೆಂಬುದನ್ನು ಮುಚ್ಚಿಟ್ಟು ಫಲವಿಲ್ಲ. ಪ್ರದರ್ಶನದಲ್ಲಿ ಇಡುವುದು ಕತ್ತರಿಸಿದ ಹೂವನ್ನು, ಪುಟ್ಟ ಸೀಸೆಯಲ್ಲಿ. ರೋಗದ ಗಿಡದ ಹೂವನ್ನು ಸಂಘ ಒಪ್ಪುವುದಿಲ್ಲ, ಆದರೆ ಎಲೆ ಯಾರೂ ಕೇಳುವುದಿಲ್ಲ. ಹೆಸರು ದಾಖಲಾದ ಮೇಲೆ ಗಿಡ ಸತ್ತರೂ ಪುಸ್ತಕದಲ್ಲಿ ಡಲ್ಸಿ ಇರುತ್ತಾಳೆ. ಗ್ಲೆನಿಸ್ ಬೇರೆ ಫೋನ್ ಮಾಡಿ, "ಯೂನಾ, ನಿಮ್ಮ ಮೂರು-ತೊಂಬತ್ತೊಂದು ಈ ಸಲ ಬರುತ್ತೆ ತಾನೆ? ಕಿಟಕಿ ಪಕ್ಕ ಜಾಗ ಬಿಟ್ಟಿದೀನಿ, ಅಲ್ಲಿ ಬೆಳಕು ಚೆನ್ನಾಗಿ ಬೀಳುತ್ತೆ," ಎಂದಳು. ಯೂನಾ "ನೋಡೋಣ" ಎಂದು ಫೋನ್ ಇಟ್ಟಳು. ಉಗುರು ಕತ್ತರಿಸುವ ಕತ್ತರಿ ತಂದು ಗೆರೆಯಿದ್ದ ಒಂದು ಎಲೆಯನ್ನು ಬುಡಕ್ಕೆ ಕತ್ತರಿಸಿದಳು. ಎರಡನೆಯದಕ್ಕೆ ಕತ್ತರಿ ತಾಗಿಸಿ ನಿಂತಳು. ಅವಳನ್ನು ತಡೆದದ್ದು ಪ್ರಾಮಾಣಿಕತೆ ಎಂದು ನಾನು ಹೇಳಿದರೆ ಅವಳೇ ನಗುತ್ತಾಳೆ. ಎಲೆ ಹೋದರೆ ಕಾಯಿ ಬಲಿಯುವುದಿಲ್ಲ ಎಂಬುದು ನೆನಪಾಯಿತು, ಅದಕ್ಕೆ ಕೈ ನಿಂತಿತು. ಕತ್ತರಿಯನ್ನು ಕೆಳಗಿಟ್ಟ ಮೇಲೆ ನಾಚಿಕೆ ಬಂತು. ಹಲಗೆಯ ಪಕ್ಕದ ಮಗುಚಿದ ಬಕೆಟ್ ಮೇಲೆ ಕೂತು ಅತ್ತಳು.

ಆಮೇಲೆ ಮಾಡಬೇಕಾದ್ದನ್ನು ಮಾಡಿದಳು. ಅರವತ್ತು ಡ್ಯಾಫೊಡಿಲ್ ಕುಂಡಗಳ ಒಂದೊಂದು ಎಲೆಗೂ ಗಾಜು ಹಿಡಿದಳು. ಮೂವತ್ತೊಂದರಲ್ಲಿ ಗೆರೆ ಸಿಕ್ಕಿತು. ಮೂವತ್ತು ಕುಂಡಗಳನ್ನು ಕಬ್ಬಿಣದ ಪೀಪಾಯಿಗೆ ಬೋರಲು ಹಾಕಿ ಸುಟ್ಟಳು. ಒಡೆಯ ಎದುರಿಗೆ ನಿಂತಿರಬೇಕೆಂಬ ನಿಯಮ ಅವತ್ತು ಸುಲಭವಾಗಿ ಪಾಲನೆಯಾಯಿತು. ಮೂವತ್ತೊಂದನೆಯದು 3-91. ಅದನ್ನು ಪೀಪಾಯಿಯ ಅಂಚಿನವರೆಗೆ ಒಯ್ದು ಮತ್ತೆ ಹಲಗೆಗೆ ತಂದಳು. ಮೂರು ಸಲ ಹಾಗೆ ಮಾಡಿದಳು.

ಕಾಯಿ ಬಲಿಯಲು ಇನ್ನು ಹತ್ತು ವಾರ ಬೇಕು. ಹತ್ತು ವಾರಕ್ಕೆ ನವೆಂಬರ್. ಗುಡ್ಡದ ಕೆಳಗೆ ಗ್ಲೆನಿಸ್‌ಳ ಅರ್ಧ ಎಕರೆ ಡ್ಯಾಫೊಡಿಲ್, ಅದರಾಚೆ ಐದು ಮನೆ, ಐದರಲ್ಲೂ ಡ್ಯಾಫೊಡಿಲ್. ಇಲ್ಲಿ ಇಡುವಂತಿಲ್ಲ. ಒಂದೂ ಡ್ಯಾಫೊಡಿಲ್ ಇಲ್ಲದ ತೋಟ ಬೇಕು. ಅಂಥ ಜಾಗ ಆ ಗುಡ್ಡದಲ್ಲಿ ಇದ್ದದ್ದು ಒಂದೇ, ಮೇಲೆ, ಗಾಳಿಗೆ ಅಡ್ಡವಾಗಿ, ಪೈನ್ ಮರಗಳ ಹಿಂದೆ. ಅದನ್ನು ಹಾಗೆ ಬೋಳು ಮಾಡಿದವಳು ಅವಳೇ.

ಕುಂಡವನ್ನು ಬಕೆಟ್‌ನಲ್ಲಿಟ್ಟು ದಿಂಬಿನ ಚೀಲ ಮುಚ್ಚಿ ಯೂನಾ ನಡೆದೇ ಹೊರಟಳು. ವಾಟಲ್ ಮರಗಳು ರಸ್ತೆಯ ಎರಡೂ ಕಡೆ ಹಳದಿ ಹೂ ಸುರಿದುಕೊಂಡು ನಿಂತಿದ್ದವು. ಅವತ್ತು ಆ ಬಣ್ಣ ಕಾಣಬಾರದೆಂದು ಅವಳು ನೆಲ ನೋಡುತ್ತ ನಡೆದಳು. ಅಥೋಲ್ ಗೇಟಿನ ಬಳಿ ಬೇಲಿಯ ತಂತಿ ಬಿಗಿಯುತ್ತಿದ್ದ. ಎಂಬತ್ತೊಂದು ವರ್ಷ, ಬೆನ್ನು ಬಾಗಿದೆ, ಕೈ ಇನ್ನೂ ಗಟ್ಟಿ.

"ಅಥೋಲ್," ಎಂದಳು.

ಅವನು ಇಕ್ಕಳ ಕೆಳಗಿಡಲಿಲ್ಲ. "ಬಕೆಟ್‌ನಲ್ಲಿ ಏನು? ಬೆಕ್ಕಿನ ಮರಿ ಬಿಟ್ಟೋಗೋಕೆ ಬಂದ್ಯಾ?"

"ಡ್ಯಾಫೊಡಿಲ್."

"ಹಾಗಾದ್ರೆ ಮನೆ ತಪ್ಪಿ ಬಂದಿದೀಯ. ಇಲ್ಲಿ ಒಂದೂ ಇಲ್ಲ. ನಿಂಗೇ ಗೊತ್ತು."

"ಗೊತ್ತು. ಅದಕ್ಕೇ ಬಂದಿದ್ದು."

ಅವನು ತಿರುಗಿ ನೋಡಿದ. ಯೂನಾ ದಿಂಬಿನ ಚೀಲ ತೆಗೆದಳು. ಕನ್ನಡಕವೂ ಇಲ್ಲದೆ, ಗಾಜೂ ಇಲ್ಲದೆ, ಬಗ್ಗಿ ನೋಡಿದ ಕೂಡಲೇ ಅವನಿಗೆ ತಿಳಿಯಿತು.

"ಪಟ್ಟೆ."

"ಹೌದು."

"ಮತ್ತೆ ಸುಡು. ನಂಗ್ಯಾಕೆ ತೋರಿಸ್ತೀಯ?"

"ಕಾಯಿ ಕಟ್ಟಿದೆ, ಅಥೋಲ್. ಎಂಟು ವರ್ಷ ಪ್ರಯತ್ನಪಟ್ಟಿದೀನಿ, ಈಗ ಕಟ್ಟಿದೆ. ನಮ್ಮಲ್ಲಿ ಇಡೋ ಹಾಗಿಲ್ಲ, ಕೆಳಗೆ ಎಲ್ಲರದ್ದೂ ಹಾಳಾಗುತ್ತೆ. ನಿನ್ನ ಗಾಜಿನ ಮನೆಲಿ ಒಂದು ಮೂಲೆ ಕೊಡು. ಬೀಜ ಆದ ದಿನವೇ ಸುಟ್ಟುಬಿಡೋಣ."

"ಎಷ್ಟು ವಾರ ಬೇಕು?"

"ಹತ್ತು."

"ನಾನು ಎಂಟು ಕೇಳಿದ್ದೆ."

"ಗೊತ್ತು."

"ನೀನು ಎರಡು ಜಾಸ್ತಿ ಕೇಳ್ತಾ ಇದೀಯ." ಅವನು ಮತ್ತೆ ತಂತಿಯ ಕಡೆ ತಿರುಗಿದ. ದನಿಯಲ್ಲಿ ಸಿಟ್ಟು ಇರಲಿಲ್ಲ, ಅದರಿಂದಲೇ ಯೂನಾಗೆ ಹೆಚ್ಚು ನೋವಾಯಿತು.

ಯೂನಾ ಯಾರ ಮುಂದೆಯೂ ಬೇಡಿದವಳಲ್ಲ. ಈಗ ಬೇಡಿದಳು. ಅರವತ್ತೇಳು ವರ್ಷದಿಂದ ಬಾಯಿಗೆ ಬಾರದ ಹೆಸರನ್ನು ಗೇಟಿನ ಬಳಿ ನಿಂತು ಹೇಳಿದಳು. "ನಂಗೆ ಒಬ್ಳು ಅಕ್ಕ ಇದ್ಲು. ಡಲ್ಸಿ ಅಂತ. ನಿಂಗೆ ಗೊತ್ತಿರಲ್ಲ, ಯಾರಿಗೂ ಗೊತ್ತಿಲ್ಲ. ಹತ್ತು ವರ್ಷಕ್ಕೆ ಹೋದ್ಲು. ಅವಳದ್ದು ಒಂದು ಚೂರು ಬಟ್ಟೆನೂ ಉಳಿಸ್ಲಿಲ್ಲ. ನಾನು ಸತ್ರೆ ಅವಳ ಹೆಸರು ಗೊತ್ತಿರೋರು ಒಬ್ರೂ ಇರಲ್ಲ. ಇದಕ್ಕೆ ಆ ಹೆಸರಿಡೋಣ ಅಂತಿದ್ದೆ. ಗಿಡ ಹೋಯ್ತು. ಅದರ ಮಕ್ಕಳಾದ್ರೂ ಉಳೀಲಿ."

ಅಥೋಲ್ ತಂತಿಗೆ ಇನ್ನೊಂದು ಸುತ್ತು ಹಾಕಿ ಬಿಗಿದ. ಆಮೇಲೆ ತಂತಿಗೇ ಹೇಳುವವನಂತೆ ಹೇಳಿದ: "ಮೆರಿನ್ ಆಸ್ಪತ್ರೆಲಿ ದಿನಾ ಕೇಳೋಳು. ಕಾಯಿ ಹೇಗಿದೆ ಅಥೋಲ್, ದಪ್ಪ ಆಯ್ತಾ ಅಂತ. ಚೆನ್ನಾಗಿದೆ ಅಂತಿದ್ದೆ. ಸುಟ್ಟು ಮೂರು ತಿಂಗಳಾಗಿತ್ತು, ಆಗಲೂ ಅದೇ ಹೇಳ್ತಿದ್ದೆ. ಬೀಜ ಬಂತು ಅಂದೆ. ಬಿತ್ತಿದೀನಿ ಅಂದೆ. ಮೊಳಕೆ ಬಂದ್ರೆ ಒಂದು ತಗೊಂಡ್ ಬಾ, ನೋಡ್ಬೇಕು ಅಂದ್ಲು. ಅಷ್ಟರಲ್ಲಿ ಹೋದ್ಲು, ಪುಣ್ಯ. ಇಲ್ದಿದ್ರೆ ಏನು ತಗೊಂಡ್ ಹೋಗ್ಲಿ ನಾನು."

ಇದು ಯೂನಾಗೆ ಗೊತ್ತಿರಲಿಲ್ಲ. ಅವಳು ದಿಂಬಿನ ಚೀಲವನ್ನು ಮತ್ತೆ ಮುಚ್ಚಿದಳು. ಬಕೆಟ್ ಎತ್ತಿಕೊಂಡಳು.

"ಎಲ್ಲಿಗೆ?"

"ಸುಡೋಕೆ."

"ಇಡು ಕೆಳಗೆ," ಎಂದ ಅಥೋಲ್. "ನಿನ್ನ ಕ್ಷಮಿಸಿದೆ ಅಂತ ತಿಳ್ಕೋಬೇಡ. ಕಾಯಿ ಏನೂ ಮಾಡಿಲ್ಲ ನಂಗೆ."

ಅವನ ಗಾಜಿನ ಮನೆಯಲ್ಲಿ ಮುರಿದ ಕುರ್ಚಿ, ಕುರಿಯ ಔಷಧದ ಡಬ್ಬಿ, ಟೊಮೆಟೊ ಕಟ್ಟುವ ಕಡ್ಡಿಗಳಿದ್ದವು. ಅಥೋಲ್ ಮೂಲೆ ಖಾಲಿ ಮಾಡಿ, ನಾಲ್ಕು ಕಡ್ಡಿ ನೆಟ್ಟು, ಮೆರಿನ್‌ಳ ಹಳೆಯ ಜಾಲರಿ ಪರದೆಯನ್ನು ಗಿಡಹೇನು ಒಳಗೆ ಬಾರದಂತೆ ಸುತ್ತಲೂ ಇಳಿಬಿಟ್ಟ. ಕಲ್ಲಿಟ್ಟು ಅಂಚು ಒತ್ತಿದ.

ಪ್ರದರ್ಶನದ ದಿನ ಯೂನಾ ಬರಿಗೈಯಲ್ಲಿ ಹೋದಳು. ಗ್ಲೆನಿಸ್ ಕಿಟಕಿ ಪಕ್ಕದ ಖಾಲಿ ಜಾಗ ತೋರಿಸಿ, "ಎಲ್ಲಿ?" ಎಂದಾಗ ಎಲ್ಲರ ಎದುರಿಗೆ ನಡೆದದ್ದನ್ನು ಹೇಳಿದಳು. ತನ್ನಲ್ಲೇ ಪಟ್ಟೆ, ಮೂವತ್ತು ಸುಟ್ಟಿದ್ದೇನೆ, ಒಂದನ್ನು ಅಥೋಲ್‌ನ ಮನೆಯಲ್ಲಿ ಪರದೆಯೊಳಗೆ ಇಟ್ಟಿದ್ದೇನೆ, ನೀವೆಲ್ಲ ನಿಮ್ಮ ನಿಮ್ಮ ಎಲೆ ನೋಡಿಕೊಳ್ಳಿ. ಕುತ್ತಿಗೆಯ ಗಾಜನ್ನು ತೆಗೆದು ಗ್ಲೆನಿಸ್‌ಳ ಮುಂದಿಟ್ಟಳು. ಯಾರೋ ಹಿಂದಿನಿಂದ, "ಒಂದು ದಿನವೂ ಆಗಲ್ಲ ಅಂತಿದ್ದೋರು ಯಾರಪ್ಪ," ಎಂದರು. ಯೂನಾ ತಿರುಗಿ, "ನಾನೇ," ಎಂದಳು. ಚಹಾ ಕುಡಿಯದೆ ಮನೆಗೆ ಬಂದಳು.

ಪ್ರತಿ ಭಾನುವಾರ, ಮೈಗೆ ಹೇನು ಅಂಟಿ ಬರದಂತೆ ಬೇರೆ ಬಟ್ಟೆ ತೊಟ್ಟು, ಬೂಟು ತೊಳೆದು, ಮೇಲಿನ ಮನೆಗೆ ಹೋಗುತ್ತಿದ್ದಳು. ಗಾಜಿನ ಮನೆಯ ಬಾಗಿಲಲ್ಲೇ ನಿಂತು ಪರದೆಯ ಮೂಲಕ ನೋಡುತ್ತಿದ್ದಳು. ಅಥೋಲ್ ಹಿಂದೆ ಬಂದು ನಿಲ್ಲುತ್ತಿದ್ದ. ಚಹಾ ಕೊಡುತ್ತಿದ್ದ, ಕೂರು ಎನ್ನುತ್ತಿರಲಿಲ್ಲ. ಅಕ್ಟೋಬರ್ ನಡುವಿನಲ್ಲಿ ಒಂದು ಕಾಯಿ ಸುಕ್ಕಾಯಿತು. ಮುಟ್ಟಿದರೆ ಹೊಟ್ಟಿನ ಹಾಗೆ ಪುಡಿಯಾಯಿತು, ಒಳಗೆ ಏನೂ ಇರಲಿಲ್ಲ. ಯೂನಾ ಅವತ್ತು ಚಹಾದ ಲೋಟ ಹಿಡಿದುಕೊಂಡೇ ನಿಂತಿದ್ದಳು, ಕುಡಿಯಲು ಆಗಲಿಲ್ಲ. ಉಳಿದದ್ದೂ ಹೀಗೆಯೇ ಆಗುತ್ತದೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಆ ಮೂರು ವಾರ ಅವಳು ಊಟ ಮಾಡಿದ್ದು ಅಷ್ಟಕ್ಕಷ್ಟೇ. ಮನೆಯಲ್ಲಿ ಉಳಿದಿದ್ದ ಇಪ್ಪತ್ತೊಂಬತ್ತು ಕುಂಡಗಳ ಮುಖವನ್ನೂ ಸರಿಯಾಗಿ ನೋಡಲಿಲ್ಲ.

ನವೆಂಬರ್ ಮೊದಲ ಗುರುವಾರ ಬೆಳಿಗ್ಗೆ ಫೋನ್ ಬಂತು. "ಕಾಯಿ ಹಳದಿಗೆ ತಿರುಗಿದೆ. ಬಾ," ಎಂದು ಅಥೋಲ್ ಇಟ್ಟುಬಿಟ್ಟ.

ಕಾಯಿ ಸಿಡಿದು ಬೀಜ ಚೆಲ್ಲಬಾರದೆಂದು ಅಥೋಲ್ ಅದಕ್ಕೆ ಹಳೆಯ ಕಾಲುಚೀಲದ ತುಂಡು ಕಟ್ಟಿದ್ದ. ಯೂನಾ ಬಿಳಿ ತಟ್ಟೆಯ ಮೇಲೆ ಅದನ್ನು ಬಿಚ್ಚಿದಳು. ಕಾಯಿ ಮೂರು ಸೀಳಾಗಿ ಬಿರಿದಿತ್ತು. ಒಂದು ಸೀಳು ಖಾಲಿ. ಎರಡನೆಯದರಲ್ಲಿ ಪೊಳ್ಳು. ಮೂರನೆಯದನ್ನು ಉಗುರಿನಿಂದ ತಟ್ಟಿದಳು. ಹೊಳೆಯುವ ಕಪ್ಪು ಬೀಜಗಳು ತಟ್ಟೆಯ ಮೇಲೆ ಉರುಳಿದವು. ನಾಲ್ಕು. ಮತ್ತೆ ತಟ್ಟಿದಳು, ಅಲುಗಿಸಿದಳು, ಕಾಲುಚೀಲವನ್ನು ಒಳಮಗುಚಿ ಬೆಳಕಿಗೆ ಹಿಡಿದಳು. ನಾಲ್ಕೇ.

"ನಾಲ್ಕು," ಎಂದಳು.

"ನಾಲ್ಕು," ಎಂದ ಅವನು.

ಆ ನಾಲ್ಕರಲ್ಲಿ ಎಷ್ಟು ಮೊಳೆಯುತ್ತವೋ, ಮೊಳೆತದ್ದು ಹೂ ಬಿಡಲು ಐದು ಚಳಿಗಾಲ. ಬಿಟ್ಟ ಹೂವು ತಾಯಿಯ ಹಾಗಿರುವುದಿಲ್ಲ, ಬೀಜದಿಂದ ಬಂದದ್ದು ಯಾವತ್ತೂ ಹಾಗೇ ಇರುವುದಿಲ್ಲ. ಇದೆಲ್ಲ ಇಬ್ಬರಿಗೂ ಗೊತ್ತಿತ್ತು.

ಸುಡುವ ಕೆಲಸ ಉಳಿದಿತ್ತು. ಹಿತ್ತಲಲ್ಲಿ ಪೀಪಾಯಿ ಸಿದ್ಧವಿತ್ತು. ಯೂನಾ ಕುಂಡದ ಕಡೆ ಕೈ ಚಾಚಿದಾಗ ಅಥೋಲ್ ಅದನ್ನು ಮೊದಲೇ ಎತ್ತಿಕೊಂಡ. "ನನ್ನದನ್ನ ನೀನು ಸುಟ್ಟೆ. ನಿನ್ನದು ನನಗೆ ಬಿಡು. ನೀನು ಒಳಗೆ ಹೋಗು, ಕೆಟಲ್ ಕಾಯ್ತಾ ಇದೆ. ನೋಡೋದು ಬೇಡ."

"ನೀನು ನಿಂತಿದ್ದೆ."

"ಒಳಗೆ ಹೋಗ್ಲಾ ಅಂತ ಕೇಳಿದ್ದೆ. ನೀನು ಬೇಡ ಅಂದೆ."

ಅದು ಅವಳಿಗೆ ನೆನಪಿರಲಿಲ್ಲ. ಎಷ್ಟು ಹುಡುಕಿದರೂ ನೆನಪಾಗಲಿಲ್ಲ. ಅವನು ಕೇಳಿದ್ದನ್ನು ಅವಳು ಮನಸ್ಸಿಟ್ಟು ಕೇಳಿಸಿಕೊಂಡೇ ಇರಲಿಲ್ಲವೇನೋ. ಒಳಗೆ ಹೋಗಲಿಲ್ಲ, ಪೀಪಾಯಿಯಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತಳು. ಅಥೋಲ್ ಮೂರು ಗೆಡ್ಡೆಗಳನ್ನು ಬಿಡಿಸಿ, ಮಣ್ಣು ಕೊಡವಿ, ಒಂದೊಂದಾಗಿ ಒಳಗೆ ಇಟ್ಟ. ಎಸೆಯಲಿಲ್ಲ. ಬೆಂಕಿ ಹತ್ತಿದಾಗ ಯೂನಾಳ ಬಾಯಿಂದ ಬಂದದ್ದು ಒಂದೇ ಮಾತು, "ಅವಳ ಹಾಸಿಗೆ ಕೂಡ ಹೀಗೇ ಉರಿದಿತ್ತು." ಅಥೋಲ್ ಕೋಲಿನಿಂದ ಬೆಂಕಿ ಕೆದಕಿದ.

ಅಡಿಗೆಮನೆಯಲ್ಲಿ ಅವನು ಮೊದಲ ಸಲ ಕುರ್ಚಿ ಎಳೆದು ಕೊಟ್ಟ. ತಟ್ಟೆ ನಡುವೆ ಇತ್ತು.

"ಇವನ್ನ ನಮ್ಮಲ್ಲಿ ಬಿತ್ತೋ ಹಾಗಿಲ್ಲ," ಎಂದಳು ಯೂನಾ. "ನನ್ನ ನೆಲದ ಮೇಲೆ ಇನ್ನು ನಂಬಿಕೆ ಇಲ್ಲ. ನೀನೇ ಬಿತ್ತಿಕೋ. ನಾಲ್ಕನ್ನೂ."

"ನಂಗೆ ಎಂಬತ್ತೊಂದು. ಐದು ವರ್ಷ ಅಂದ್ರೆ ಲೆಕ್ಕ ಹಾಕು."

"ನಂಗೂ ಚಿಕ್ಕ ವಯಸ್ಸೇನಲ್ಲ. ಒಂದು ಒಳ್ಳೇದು ಬಂದ್ರೆ ಮೆರಿನ್ ಅಂತ ಇಡು."

ಅವನು ಎದ್ದು ಹೊರಗೆ ಹೋದ. ಕೊಟ್ಟಿಗೆಯಿಂದ ಒಂದು ಮಣ್ಣಿನ ಕುಂಡವನ್ನೂ ಜಲ್ಲಿ ಮಣ್ಣನ್ನೂ ತಂದ. ಜೊತೆಗೆ ಬೆರಳಗಲದ ಹಳೆಯ ಸತುವಿನ ಪಟ್ಟಿ, ಗಿಡದ ಪಕ್ಕ ನೆಡುವಂಥದ್ದು. ಯೂನಾ ಅದರ ಮೇಲೆ ಗೀರಿದ ಅಕ್ಷರ ಓದಿದಳು: ಮೆರಿನ್. ಅವಳು ಅವತ್ತು ಬೆಂಕಿ ಹಚ್ಚುವ ಮೊದಲು ಅವನು ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡಿದ್ದ, ಇಪ್ಪತ್ತೆರಡು ವರ್ಷ ಇಟ್ಟುಕೊಂಡಿದ್ದ.

ಬೀಜದ ಕುಂಡಕ್ಕೆ ತಾಯಿ ಗಿಡದ ಹೆಸರು ಬರೆಯುವುದು ಬೆಳೆಗಾರರೆಲ್ಲರ ಪದ್ಧತಿ. ಯೂನಾ ಅಭ್ಯಾಸಬಲದಿಂದ, "ಮೂರು-ತೊಂಬತ್ತೊಂದು ಅಂತ ಬರಿ," ಎಂದಳು. ಅಥೋಲ್ ಪಟ್ಟಿಯನ್ನು ಹಿಂದಕ್ಕೆ ತಿರುಗಿಸಿ ಮೊಳೆಯ ತುದಿಯಿಂದ ಒತ್ತಿ ಒತ್ತಿ ಬರೆಯತೊಡಗಿದ. ಎಂಬತ್ತೊಂದರ ಕೈ, ನಿಧಾನವಾಗಿತ್ತು. ಬರೆದು ಮುಗಿಸಿ ಅವಳ ಕಡೆ ತಿರುಗಿಸಿದ. ಸಂಖ್ಯೆಯಲ್ಲ, ಡಲ್ಸಿ ಎಂದಿತ್ತು. ಯೂನಾ ಆ ಹೆಸರನ್ನು ಬೇರೆಯವರ ಕೈಬರಹದಲ್ಲಿ ನೋಡಿದ್ದು ಬದುಕಿನಲ್ಲಿ ಅದೇ ಮೊದಲು.

ಅವಳು ಮೇಜಿನ ಅಂಚನ್ನು ಹಿಡಿದು ಕೂತಿದ್ದಳು. ಅಥೋಲ್ ನಾಲ್ಕು ಬೀಜಗಳನ್ನು ನಾಲ್ಕು ಮೂಲೆಗೆ ಇಳಿಸಿ, ಮಣ್ಣು ಮುಚ್ಚಿ, ಪಟ್ಟಿಯನ್ನು ನಡುವೆ ನೆಟ್ಟ. ಒಂದು ಮುಖ ಅವನ ಕಡೆಗೆ, ಇನ್ನೊಂದು ಅವಳ ಕಡೆಗೆ.

"ಭಾನುವಾರ ಬಾ," ಎಂದ. "ಬಂದು ಕೇಳು. ಮೊಳಕೆ ಬಂದಿದ್ರೆ ಬಂದಿದೆ ಅಂತೀನಿ, ಸತ್ತಿದ್ರೆ ಸತ್ತಿದೆ ಅಂತೀನಿ. ನಿಂಗೆ ಸುಳ್ಳು ಹೇಳಲ್ಲ."